ಎಕ್ಸ್‌ರೇ ಕೇಳುವ ಫಾರ್ಮ್‌ನಲ್ಲಿ ನೆನಪಿಗೂ ಒಂದು ಕಾಲಂ ಇರಲಿ: ಆರೋಗ್ಯ ಇಲಾಖೆಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಗೆ,
ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಅರಿವಳಿಕೆ ವೈದ್ಯೆ. ಜನರ ಬಾಯಲ್ಲಿ 'ಮತ್ತು ಬರಿಸೋ ಡಾಕ್ಟ್ರು'. ಕೆಲಸ ಜಿಲ್ಲಾ ಕೇಂದ್ರವೊಂದರಲ್ಲಿ. ನನ್ನ ಟೇಬಲ್ ಮೇಲೆ ಬರುವವರಲ್ಲಿ 65 ದಾಟಿದವರು ಈಗ ಬಹಳ ಜಾಸ್ತಿ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರು, ಮೊಣಕಾಲು ಬದಲಿಸಲು ಬಂದವರು, ಪ್ರಾಸ್ಟೇಟ್ ತೊಂದರೆಯ ತಾತಂದಿರು. ಅವರ ಮಕ್ಕಳು ಇತ್ತೀಚೆಗೆ ಫೋನ್ ತೋರಿಸಿ ಒಂದು ಹೊಸ ಪ್ರಶ್ನೆ ಕೇಳುತ್ತಿದ್ದಾರೆ: "ಮೇಡಂ, ಆಪರೇಷನ್ ಆದ್ಮೇಲೆ ಅಮ್ಮನ ನೆನಪು ಹೋಗುತ್ತಾ ಇಲ್ವಾ ಅಂತ ರಕ್ತದಲ್ಲೇ ಗೊತ್ತಾಗುತ್ತಂತೆ. ಆ ಟೆಸ್ಟ್ ಮಾಡಿಸೋಣ್ವಾ?"

ನಾನು ಅವರಿಗೆ ಹೇಳುವುದು ಇಷ್ಟೇ. ಆ ಟೆಸ್ಟ್ ಈಗ ಬೇಡ. ಅದಕ್ಕಿಂತ ಮೊದಲು ಮಾಡಬೇಕಾದ ಸುಲಭದ ಕೆಲಸಗಳಿವೆ, ಅವನ್ನೇ ನಾವಿನ್ನೂ ಮಾಡುತ್ತಿಲ್ಲ. ಅವು ಒಬ್ಬ ವೈದ್ಯೆಯ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿವೆ. ಅದಕ್ಕೇ ಈ ಪತ್ರ.

ಮೊದಲು ತೊಂದರೆ ಏನು ಅಂತ ಹೇಳಿಬಿಡುತ್ತೇನೆ. ವಯಸ್ಸಾದವರಿಗೆ ದೊಡ್ಡ ಆಪರೇಷನ್ ಆದ ಮೇಲೆ ಮಿದುಳಿಗೆ ಎರಡು ಬಗೆಯ ತೊಂದರೆ ಆಗಬಹುದು. ಒಂದು, ಮೊದಲ ಕೆಲವು ದಿನಗಳಲ್ಲಿ ಬರುವ ಡೆಲಿರಿಯಂ. ನಮ್ಮ ಹಳ್ಳಿಗಳಲ್ಲಿ ಸನ್ನಿ ಅನ್ನುತ್ತಾರೆ. ಬೆಳಿಗ್ಗೆ ಸರಿ ಇದ್ದವರು ಸಂಜೆಗೆ ಎಲ್ಲಿದ್ದೇನೆ ಅಂತ ಗೊತ್ತಾಗದೆ ಡ್ರಿಪ್ ಕಿತ್ತುಹಾಕುತ್ತಾರೆ. ಸತ್ತುಹೋದ ಅಣ್ಣನನ್ನು ಕರೆಯುತ್ತಾರೆ. ಇದು ಎಲ್ಲರಿಗೂ ಕಾಣುತ್ತದೆ. ಆದರೆ ಇನ್ನೊಂದು ತರದ ಡೆಲಿರಿಯಂನಲ್ಲಿ ಮನುಷ್ಯ ಸುಮ್ನೆ ಮಲಗಿರುತ್ತಾನೆ. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾನೆ. ವಾರ್ಡಿನಲ್ಲಿ ಅವರನ್ನು 'ಒಳ್ಳೆ ಪೇಷಂಟ್, ಗಲಾಟೆ ಇಲ್ಲ' ಅನ್ನುತ್ತಾರೆ. ಜಾಸ್ತಿ ತಪ್ಪಿಹೋಗುವುದು ಇದೇ.

ಎರಡನೆಯದು ನಿಧಾನದ್ದು. ಗಾಯ ಮಾಯುತ್ತದೆ, ಮನೆಗೆ ಹೋಗುತ್ತಾರೆ, ಆದರೆ ಮೊದಲಿನ ಚುರುಕು ಇರುವುದಿಲ್ಲ. ಹಾಲಿನವನ ಲೆಕ್ಕ ತಪ್ಪುತ್ತದೆ. ಮಾತ್ರೆ ತಗೊಂಡೆನಾ ಇಲ್ಲವಾ ಅಂತ ಮರೆಯುತ್ತದೆ. ಇದು ಹೊಸ ಸಂಗತಿ ಅಲ್ಲ. ಇಂಗ್ಲೆಂಡಿನ ಬೆಡ್‌ಫರ್ಡ್ ಎಂಬ ವೈದ್ಯರು 1955ರಲ್ಲೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ಬರೆದರು. ಆಪರೇಷನ್ ಆದಂದಿನಿಂದ ಅಪ್ಪ ಮೊದಲಿನ ಹಾಗಿಲ್ಲ ಎಂಬ ಮನೆಯವರ ದೂರನ್ನು ಅವರು ಗಂಭೀರವಾಗಿ ತೆಗೆದುಕೊಂಡಿದ್ದರು. ಅಷ್ಟು ವರ್ಷ ಕಳೆದರೂ ನಾವು ಅದೇ ದೂರಿಗೆ "ವಯಸ್ಸಾಯ್ತಲ್ಲ, ಅರಳು ಮರಳು" ಅಂದು ಕಳಿಸುತ್ತೇವೆ.

ಎಷ್ಟು ಮಂದಿಗೆ ಹೀಗಾಗುತ್ತದೆ? 1998ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 60 ದಾಟಿದ 1,218 ಮಂದಿಯನ್ನು ಆಪರೇಷನ್‌ಗೆ ಮುಂಚೆ ಮತ್ತು ಆಮೇಲೆ ಪರೀಕ್ಷಿಸಿದರು. ಒಂದು ವಾರದ ನಂತರ ಶೇ 25.8 ಮಂದಿಯಲ್ಲಿ ನೆನಪು, ಗಮನ ಕುಸಿದಿತ್ತು. ಮೂರು ತಿಂಗಳಿಗೆ ಅದು ಶೇ 9.9ಕ್ಕೆ ಇಳಿಯಿತು. ಆಪರೇಷನ್ ಆಗದ ಅದೇ ವಯಸ್ಸಿನವರಲ್ಲಿ ಈ ಅಂಕಿ ಶೇ 3ರ ಆಸುಪಾಸು. ಆ ಅಧ್ಯಯನ ಶುರುವಾದಾಗ ಎಲ್ಲರೂ ಆಮ್ಲಜನಕ ಕಡಿಮೆಯಾಗಿದ್ದರಿಂದ, ಬಿಪಿ ಇಳಿದಿದ್ದರಿಂದ ಹೀಗಾಗುತ್ತದೆ ಅಂದುಕೊಂಡಿದ್ದರು. ಅದು ನಿಜ ಅಂತ ಸಿಗಲಿಲ್ಲ. ಸಿಕ್ಕಿದ್ದು ಬೇರೆ: ವಯಸ್ಸು, ಅರಿವಳಿಕೆಯ ಅವಧಿ, ಆಮೇಲೆ ಬಂದ ಸೋಂಕು, ಎರಡನೇ ಸಲ ಆಪರೇಷನ್, ಮತ್ತು ಕಡಿಮೆ ಓದು. ಕೊನೆಯದನ್ನು ಇಲಾಖೆ ಗಮನಿಸಬೇಕು. ನಮ್ಮ ಸರ್ಕಾರಿ ಆಸ್ಪತ್ರೆಗೆ ಬರುವ ಹಿರಿಯರಲ್ಲಿ ಶಾಲೆಯ ಮೆಟ್ಟಿಲು ಹತ್ತದವರು ಎಷ್ಟೋ ಮಂದಿ.

ಡೆಲಿರಿಯಂ ಬಂದು ಹೋಯಿತು, ಈಗ ಸರಿ ಇದ್ದಾರೆ ಅಂದರೆ ಮುಗಿಯಿತಾ? ಅಮೆರಿಕದ ಬಾಸ್ಟನ್‌ನಲ್ಲಿ 70 ದಾಟಿದ 560 ಮಂದಿಯನ್ನು ಆಪರೇಷನ್ ನಂತರ ಆರು ವರ್ಷ ಹಿಂಬಾಲಿಸಿ ನೋಡಿದ್ದಾರೆ. ಡೆಲಿರಿಯಂ ಬಂದವರ ನೆನಪು, ಯೋಚನಾಶಕ್ತಿ ಉಳಿದವರಿಗಿಂತ ಶೇ 40ರಷ್ಟು ಬೇಗ ಕುಸಿಯಿತು ಅಂತ 2023ರಲ್ಲಿ ವರದಿ ಬಂತು. ಡೆಲಿರಿಯಂ ಮಿದುಳನ್ನು ಕೆಡಿಸಿತೋ, ಮೊದಲೇ ಸೋಲುತ್ತಿದ್ದ ಮಿದುಳು ಡೆಲಿರಿಯಂ ರೂಪದಲ್ಲಿ ಸುಳಿವು ಕೊಟ್ಟಿತೋ ಎಂಬ ವಾದ ಇನ್ನೂ ನಡೆದಿದೆ. ಯಾವುದೇ ಆಗಲಿ, ಆ ಮನುಷ್ಯನ ಮೇಲೆ ಕಣ್ಣಿಡಬೇಕು ಎಂಬುದಂತೂ ಖಚಿತ.

ಇದನ್ನು ಓದಿ ಯಾರೂ ಆಪರೇಷನ್ ಬೇಡ ಅಂತ ಮನೆಯಲ್ಲಿ ಕೂರಬಾರದು. ಡೆನ್ಮಾರ್ಕ್‌ನಲ್ಲಿ 8,503 ಅವಳಿಗಳನ್ನು ಹೋಲಿಸಿ 2016ರಲ್ಲಿ ಒಂದು ಅಧ್ಯಯನ ಬಂತು. ದೊಡ್ಡ ಆಪರೇಷನ್ ಆದವರಿಗೂ ಆಗದವರಿಗೂ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಸೊಂಟ, ಮೊಣಕಾಲು ಬದಲಿಸಿಕೊಂಡವರು ಒಂದು ಕೈ ಮುಂದೆಯೇ ಇದ್ದರು. ನೋವಿಲ್ಲದೆ ಓಡಾಡುವುದೇ ಮಿದುಳಿಗೆ ಒಳ್ಳೆಯದು ಅಲ್ವಾ? ಸೊಂಟದ ಮೂಳೆ ಮುರಿದವರಂತೂ ತಡ ಮಾಡಿದಷ್ಟೂ ಕಷ್ಟ. ಇನ್ನು "ಫುಲ್ ಮತ್ತು ಬೇಡ ಮೇಡಂ, ಬೆನ್ನಿಗೆ ಕೊಟ್ಬಿಡಿ, ತಲೆಗೆ ಏನೂ ಆಗಲ್ಲ" ಎಂಬ ಬೇಡಿಕೆ ದಿನಾ ಬರುತ್ತದೆ. ಸೊಂಟದ ಮೂಳೆ ಮುರಿದ 1,600 ಮಂದಿಯ ಮೇಲೆ ಅಮೆರಿಕ, ಕೆನಡಾಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬೆನ್ನಿಗೆ ಕೊಟ್ಟವರಲ್ಲಿ ಡೆಲಿರಿಯಂ ಶೇ 20.5, ಪೂರ್ತಿ ಮತ್ತು ಕೊಟ್ಟವರಲ್ಲಿ ಶೇ 19.7. ಅಂದರೆ ಎರಡೂ ಒಂದೇ.

ಈಗ ರಕ್ತದ ವಿಷಯಕ್ಕೆ ಬರುತ್ತೇನೆ. ಇಲ್ಲಿ ವಿಜ್ಞಾನ ನಿಜವಾಗಿಯೂ ಚೆನ್ನಾಗಿದೆ. ಚರ್ಮ, ಸ್ನಾಯು, ಮೂಳೆ ಕತ್ತರಿಸಿದಾಗ ದೇಹದಲ್ಲಿ ಉರಿಯೂತ ಏಳುತ್ತದೆ. ಇಂಟರ್‌ಲ್ಯೂಕಿನ್-6, ಸಿಆರ್‌ಪಿ ಎಂಬ ವಸ್ತುಗಳು ರಕ್ತದಲ್ಲಿ ಏರುತ್ತವೆ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆ ವಯಸ್ಸಾದವರಲ್ಲಿ ಮೊದಲೇ ಸಡಿಲ. ಉರಿಯೂತ ಅಲ್ಲಿಂದ ಒಳಗೆ ಹೋಗಿ ಮಿದುಳಿನ ರಕ್ಷಣಾ ಕೋಶಗಳನ್ನು ಕೆಣಕುತ್ತದೆ ಎಂಬುದು ಇವತ್ತಿನ ತಿಳಿವಳಿಕೆ. ನರಕೋಶಗಳಿಗೆ ಏಟು ಬಿದ್ದರೆ ಅವುಗಳ ಉದ್ದನೆಯ ಎಳೆಗೆ ಒಳಗಿಂದ ಆಸರೆಯಾಗಿರುವ ನ್ಯೂರೋಫಿಲಮೆಂಟ್ ಲೈಟ್ ಎಂಬ ಪ್ರೋಟೀನ್ ಸೋರಿ ರಕ್ತಕ್ಕೆ ಬರುತ್ತದೆ. 2018ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ ಆಪರೇಷನ್ ನಂತರ ಇದೂ, ಟೌ ಎಂಬ ಇನ್ನೊಂದು ಪ್ರೋಟೀನೂ ರಕ್ತದಲ್ಲಿ ಏರಿದ್ದು ಕಂಡಿತು. ಆಲ್ಜೈಮರ್ ಕಾಯಿಲೆಯ ಗುರುತಾದ ಪಿ-ಟೌ217 ಆಪರೇಷನ್‌ಗೆ ಮುಂಚೆಯೇ ಜಾಸ್ತಿ ಇದ್ದವರಲ್ಲಿ ಡೆಲಿರಿಯಂ ಹೆಚ್ಚು ಎಂಬುದಕ್ಕೂ ಸುಳಿವು ಸಿಕ್ಕಿದೆ.

ಹಾಗಾದರೆ ಟೆಸ್ಟ್ ಮಾಡಿಸಬಾರದೇಕೆ? ಈ ದಾರಿಯಲ್ಲಿ ನಾವು ಒಮ್ಮೆ ಎಡವಿದ್ದೇವೆ. 1990ರ ದಶಕದಲ್ಲಿ ಎಸ್100ಬಿ ಎಂಬ ಪ್ರೋಟೀನಿನ ಬಗ್ಗೆ ದೊಡ್ಡ ಆಸೆ ಇತ್ತು. ಹೃದಯದ ಆಪರೇಷನ್ ಆದವರ ರಕ್ತದಲ್ಲಿ ಅದು ಭಾರಿ ಏರುತ್ತಿತ್ತು. ಮಿದುಳಿಗೆ ಪೆಟ್ಟಾಗಿದೆ ಅಂತ ಎಲ್ಲರೂ ಬರೆದರು. ಆಮೇಲೆ ನೋಡಿದರೆ ಅದರಲ್ಲಿ ಬಹುಪಾಲು ಮಿದುಳಿನದ್ದೇ ಅಲ್ಲ. ಎದೆ ಸೀಳಿದಾಗ ಕೊಬ್ಬು, ಸ್ನಾಯು, ಮೂಳೆಯ ಮಜ್ಜೆಯಿಂದ ಅದು ಸೋರುತ್ತದೆ. ಆ ರಕ್ತವನ್ನು ಹೀರಿ ವಾಪಸ್ ರೋಗಿಗೇ ಕೊಡುತ್ತಾರೆ. ಏರದೆ ಇನ್ನೇನು? ನ್ಯೂರಾನ್ ಸ್ಪೆಸಿಫಿಕ್ ಇನೊಲೇಸ್ ಎಂಬ ಇನ್ನೊಂದರ ಕತೆಯೂ ಹೀಗೇ. ಹೆಸರಲ್ಲೇ ನರಕೋಶ ಇದೆ, ಆದರೆ ಕೆಂಪು ರಕ್ತಕಣದಲ್ಲೂ ಅದಿದೆ. ರಕ್ತ ಎಳೆಯುವಾಗ ಸ್ವಲ್ಪ ಕಣ ಒಡೆದರೂ ರಿಪೋರ್ಟ್ ಏರಿಬಿಡುತ್ತದೆ.

ಈಗಿನ ಪರೀಕ್ಷೆಗಳು ಅವಕ್ಕಿಂತ ಎಷ್ಟೋ ವಾಸಿ. ಆದರೂ ನ್ಯೂರೋಫಿಲಮೆಂಟ್ ವಯಸ್ಸಿನ ಜೊತೆಗೇ ಏರುತ್ತದೆ. ಕಿಡ್ನಿ ದುರ್ಬಲವಾದರೆ ಅದೂ ಏರುತ್ತದೆ, ಪಿ-ಟೌ ಕೂಡ ಏರುತ್ತದೆ. ನಮ್ಮ ಹಿರಿಯರಲ್ಲಿ ಸಕ್ಕರೆ ಕಾಯಿಲೆ, ಅದರಿಂದ ಕಿಡ್ನಿ ತೊಂದರೆ ಎಷ್ಟು ಜನರಿಗಿದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸಿಆರ್‌ಪಿಯಂತೂ ಆಪರೇಷನ್ ಆದ ಎಲ್ಲರಲ್ಲೂ ಎರಡು ಮೂರು ದಿನ ಏರಿಯೇ ಇರುತ್ತದೆ. ನೂರಾರು ಜನರ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ ಒಂದು, ನನ್ನೆದುರು ಕೂತ ಒಬ್ಬ ತಾಯಿಗೆ ಏನಾಗುತ್ತದೆ ಅಂತ ಹೇಳುವುದೇ ಇನ್ನೊಂದು. ಈ ಎರಡನೇ ಕೆಲಸಕ್ಕೆ, ಎಷ್ಟಿದ್ದರೆ ಜಾಸ್ತಿ ಎಂಬ ಒಪ್ಪಿತ ಗಡಿರೇಖೆಯೇ ಇನ್ನೂ ಇಲ್ಲ.

2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಲ್ಜೈಮರ್‌ಗೆ ಮೊದಲ ರಕ್ತ ಪರೀಕ್ಷೆಯನ್ನು ಒಪ್ಪಿತು. ಲುಮಿಪಲ್ಸ್ ಎಂಬ ಯಂತ್ರದಲ್ಲಿ ಮಾಡುವುದು. ಜನ ಫೋನ್‌ನಲ್ಲಿ ನೋಡುವ ಸುದ್ದಿಗಳಲ್ಲಿ ಇದೂ ಒಂದು. ಆ ಒಪ್ಪಿಗೆ ಇರುವುದು 55 ದಾಟಿದ, ಮರೆವಿನ ಲಕ್ಷಣ ಈಗಾಗಲೇ ಇರುವವರಿಗೆ, ಅದೂ ತಜ್ಞರ ಬಳಿ. ಮಂಡಿ ಆಪರೇಷನ್‌ಗೆ ಮುಂಚೆ ಭವಿಷ್ಯ ನೋಡಲು ಅಲ್ಲ. ಆದರೆ ಯಾವುದೇ ಟೆಸ್ಟ್ ನಮ್ಮಲ್ಲಿ 'ಹಿರಿಯ ನಾಗರಿಕರ ಪ್ಯಾಕೇಜ್' ಆಗಲು ಎಷ್ಟು ದಿನ ಬೇಕು ಹೇಳಿ? ಖಾಸಗಿ ಆಸ್ಪತ್ರೆ, ಲ್ಯಾಬ್‌ಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆ ನಿಮ್ಮ ಕೈಯಲ್ಲಿದೆ. ಲಕ್ಷಣ ಇಲ್ಲದವರಿಗೆ, ತಜ್ಞರ ಚೀಟಿ ಇಲ್ಲದೆ, ಮಿದುಳಿನ ಮಾರ್ಕರ್‌ಗಳನ್ನು, ಅಂದರೆ ರಕ್ತದಲ್ಲಿ ಸಿಗುವ ಇಂಥ ಗುರುತುಗಳ ಟೆಸ್ಟನ್ನು, ಆಪರೇಷನ್ ಪ್ಯಾಕೇಜಿನಲ್ಲಿ ಸೇರಿಸಿ ಮಾರಬಾರದು ಅಂತ ಈಗಲೇ ಒಂದು ಸೂಚನೆ ಹೊರಡಿಸಿ. ಜಾಹೀರಾತು ಶುರುವಾದ ಮೇಲೆ ತಡೆಯುವುದು ಕಷ್ಟ.

ರಕ್ತದಲ್ಲಿ ನೋಡಬೇಕಾದದ್ದು ಏನೂ ಇಲ್ಲ ಅಂತಲ್ಲ. ಇದೆ, ತಾಲ್ಲೂಕು ಆಸ್ಪತ್ರೆಯಲ್ಲೇ ಇದೆ. ಸೋಡಿಯಂ! ಬಿಪಿಗೆಂದು ನೀರು ಇಳಿಸುವ ಮಾತ್ರೆ ವರ್ಷಗಟ್ಟಲೆ ನುಂಗಿದವರಲ್ಲಿ ಅದು ಮೊದಲೇ ಕಡಿಮೆ ಇರುತ್ತದೆ. ಆಪರೇಷನ್ ನಂತರ ಊಟವಿಲ್ಲದೆ ಬರೀ ಗ್ಲೂಕೋಸ್ ಬಾಟಲಿ ಹೋದರೆ ಇನ್ನೂ ಇಳಿಯುತ್ತದೆ. ಮನುಷ್ಯ ಮಂಕಾಗುತ್ತಾನೆ. ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಸಕ್ಕರೆ, ಥೈರಾಯ್ಡ್, ಇವೂ ಅಷ್ಟೇ. ಇವು ಏರುಪೇರಾಗಿದ್ದರೆ ಸರಿ ಮಾಡಬಹುದು. ನ್ಯೂರೋಫಿಲಮೆಂಟ್ ಏರಿದೆ ಅಂತ ಗೊತ್ತಾದರೆ ನಾನು ಏನು ಮಾಡಲಿ?

ವಿಟಮಿನ್ ಬಿ12 ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಮಾಂಸ ತಿನ್ನದ, ಹಾಲು ಮೊಸರೂ ಕಡಿಮೆಯಾಗಿರುವ ಹಿರಿಯರಲ್ಲಿ ಇದರ ಕೊರತೆ ಸಾಮಾನ್ಯ. ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅದನ್ನು ಇನ್ನಷ್ಟು ಇಳಿಸುತ್ತವೆ. ಅರಿವಳಿಕೆಗೆ ಅಲ್ಲಲ್ಲಿ ಇನ್ನೂ ಬಳಸುವ ನೈಟ್ರಸ್ ಆಕ್ಸೈಡ್ ಅನಿಲ ದೇಹದ ಬಿ12 ಅನ್ನು ನಿಷ್ಕ್ರಿಯ ಮಾಡುತ್ತದೆ. ಸಾಕಷ್ಟು ಇರುವವರಿಗೆ ತೊಂದರೆ ಇಲ್ಲ. ಮೊದಲೇ ಖಾಲಿ ಇರುವವರಿಗೆ ನರ, ಬೆನ್ನುಹುರಿ, ಮಿದುಳು ಮೂರಕ್ಕೂ ಪೆಟ್ಟು ಬೀಳಬಹುದು. ಪಿ-ಟೌ ಬಗ್ಗೆ ಕೇಳುವ ಮಕ್ಕಳಿಗೆ ನಾನು ಮೊದಲು ಬಿ12 ಮಾಡಿಸಿ ಅನ್ನುತ್ತೇನೆ. ಕೆಲವರ ಮುಖ ಸಪ್ಪಗಾಗುತ್ತದೆ. ಹೊಸ ಹೆಸರಿನ ಟೆಸ್ಟಿಗೆ ಇರುವ ಮರ್ಯಾದೆ ಹಳೆಯದಕ್ಕಿಲ್ಲ.

ಇನ್ನು ವಾರ್ಡಿನ ಮಾತು. ಥಿಯೇಟರ್ ಒಳಗೆ ಕರೆದೊಯ್ಯುವ ಮುನ್ನ ನಾವು ಹಿರಿಯರ ಕನ್ನಡಕ, ಕಿವಿ ಮಷಿನ್, ಹಲ್ಲಿನ ಸೆಟ್ ಬಿಚ್ಚಿಸಿ ಮನೆಯವರ ಕೈಗೆ ಕೊಡುತ್ತೇವೆ. ಅವು ವಾಪಸ್ ಬರುವುದು ಡಿಸ್ಚಾರ್ಜ್ ದಿನ. ನಡುವೆ ಕಿಟಕಿ ಇಲ್ಲದ ಐಸಿಯು. ಹಗಲೋ ರಾತ್ರಿಯೋ ಗೊತ್ತಾಗದು. ಸರಿಯಾಗಿ ಕಾಣದು, ಕೇಳದು. ದೊಡ್ಡ ಊರಿನ ಆಸ್ಪತ್ರೆಯಾದರೆ ನರ್ಸ್ ಮಾತಾಡುವ ಭಾಷೆ ಬೇರೆ, ಅಜ್ಜಿಗೆ ಬರುವುದು ತನ್ನೂರ ಕನ್ನಡ ಅಥವಾ ತುಳು ಮಾತ್ರ. ನರ್ಸ್‌ಗಳ ತಪ್ಪಲ್ಲ ಇದು. ಒಬ್ಬೊಬ್ಬರ ಮೇಲೆ ಎಷ್ಟು ಹಾಸಿಗೆ ಹೇರಿದ್ದೇವೆ ಅಂತ ನಿಮಗೂ ಗೊತ್ತು. ಅಜ್ಜಿ ಗಾಬರಿಯಾಗಿ ಎದ್ದರೆ ಕೈ ಕಟ್ಟುತ್ತಾರೆ. ಮೈ ತುರಿಸಿದರೆ, ರಕ್ತ ಹಾಕುವ ಮುನ್ನ, ಅವಿಲ್ ಕೊಡುತ್ತಾರೆ. ನಿದ್ದೆ ಬರಲಿಲ್ಲ ಅಂದರೆ ಅಲ್ಪ್ರಾಜೋಲಾಂ. ಈ ಬಗೆಯ ಔಷಧಗಳನ್ನು ವಯಸ್ಸಾದವರಿಗೆ ಆದಷ್ಟೂ ಕೊಡಬೇಡಿ ಅಂತ ಹಿರಿಯರ ಔಷಧಗಳ ಬಗೆಗಿನ ಬೀರ್ಸ್ ಪಟ್ಟಿ ಹೇಳುತ್ತಲೇ ಬಂದಿದೆ. ಹಾಗಂತ ಮನೆಯಲ್ಲಿ ವರ್ಷಗಟ್ಟಲೆ ನಿದ್ದೆ ಮಾತ್ರೆ ನುಂಗುತ್ತಿದ್ದವರಿಗೆ ದಿಢೀರ್ ನಿಲ್ಲಿಸಿದರೂ ಸನ್ನಿಯೇ. ದಿನಾ ಸಂಜೆ ಕುಡಿಯುವ ತಾತ ಅದನ್ನು ಮುಚ್ಚಿಟ್ಟರೆ, ಎರಡು ಮೂರನೇ ದಿನ ಕೈ ನಡುಗಿ ಬಡಬಡಿಸತೊಡಗುತ್ತಾರೆ. ಆಗ ಮನೆಯವರು ಹೇಳುವುದು ಒಂದೇ: "ಕಾಲು ಸರಿ ಮಾಡ್ರಿ ಅಂದ್ರೆ ತಲೆ ಕೆಡಿಸಿ ಕಳಿಸ್ತಿದೀರಿ."

ಇದಕ್ಕೆ ಮದ್ದು ಇದೆ, ಅಗ್ಗದ್ದೇ ಇದೆ. ಅಮೆರಿಕದ ಯೇಲ್‌ನಲ್ಲಿ 1999ರಲ್ಲಿ 852 ಹಿರಿಯ ಒಳರೋಗಿಗಳ ಮೇಲೆ ಮಾಡಿ ತೋರಿಸಿದರು. ಕನ್ನಡಕ, ಕಿವಿ ಮಷಿನ್ ಹಾಕಿಸುವುದು. ಬೇಗ ಎಬ್ಬಿಸಿ ನಡೆಸುವುದು. ನೀರು ಕುಡಿಸುವುದು. ರಾತ್ರಿ ಗಲಾಟೆ ಕಡಿಮೆ ಮಾಡಿ ಮಾತ್ರೆ ಇಲ್ಲದೆ ಮಲಗಿಸುವುದು. ಇವತ್ತು ಯಾವ ದಿನ, ನೀವೆಲ್ಲಿದ್ದೀರಿ ಅಂತ ಮತ್ತೆ ಮತ್ತೆ ಮಾತಾಡಿಸುವುದು. ಇಷ್ಟರಿಂದಲೇ ಡೆಲಿರಿಯಂ ಶೇ 15ರಿಂದ ಶೇ 9.9ಕ್ಕೆ ಇಳಿಯಿತು. ಅವರು ಆಪರೇಷನ್ ರೋಗಿಗಳಾಗಿರಲಿಲ್ಲ ನಿಜ. ಆದರೆ ಆಮೇಲೆ ತೈವಾನ್, ಚೀನಾಗಳಲ್ಲಿ ಆಪರೇಷನ್ ಆದವರ ಮೇಲೂ ಇದೇ ತರಹದ ಕ್ರಮ ಫಲ ಕೊಟ್ಟಿತು. ನಮ್ಮಲ್ಲಿ ಇನ್ನೂ ಸುಲಭ. ಪ್ರತಿ ರೋಗಿಯ ಜೊತೆ ಮಗಳೋ ಸೊಸೆಯೋ ಬಂದೇ ಬರುತ್ತಾರೆ. ನಾವು ಅವರನ್ನು ಐಸಿಯು ಬಾಗಿಲಾಚೆ ಚಾಪೆ ಹಾಸಿ ಮಲಗಿಸುತ್ತೇವೆ.

ಹಾಗಾಗಿ ನನ್ನ ಬೇಡಿಕೆ ಇದು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಪರೇಷನ್‌ಗೆ ಒಪ್ಪಿಗೆ ಕೇಳುವಾಗ ನಾವು ಎಕ್ಸ್‌ರೇ, ರಿಪೋರ್ಟ್ ಎಲ್ಲ ಅಪ್‌ಲೋಡ್ ಮಾಡುತ್ತೇವೆ. 65 ದಾಟಿದವರಿಗೆ ಅದೇ ಫಾರ್ಮ್‌ನಲ್ಲಿ ಒಂದು ಕಾಲಂ ಸೇರಿಸಿ: ನೆನಪಿನ ಪರೀಕ್ಷೆ ಆಗಿದೆಯಾ, ಫಲಿತಾಂಶ ಏನು. ತುರ್ತು ಆಪರೇಷನ್ ಆದರೆ ಇದಕ್ಕಾಗಿ ತಡೆಯಬೇಡಿ, ಮನೆಯವರನ್ನು ಕೇಳಿ ಬರೆದರೆ ಸಾಕು. ಓದು ಬಾರದವರಿಗೂ ಹೊಂದುವಂತೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೇ ಇವೆ. ಅವುಗಳಿಂದ ಒಂದು ಚಿಕ್ಕ ರೂಪ ಮಾಡಿಕೊಡಲು ನಿಮ್ಹಾನ್ಸ್‌ಗೆ ಹೇಳಿ.

ಆಪರೇಷನ್ ನಂತರ ಮೂರು ದಿನ, ದಿನಕ್ಕೆರಡು ಸಲ ನರ್ಸ್ ಡೆಲಿರಿಯಂ ನೋಡಿ ಚಾರ್ಟಿನಲ್ಲಿ ಬರೆಯಲಿ. ಬಿಪಿ, ಜ್ವರ ಬರೆಯುವ ಹಾಗೆಯೇ. 4ಎಟಿ ಎಂಬ ಪರೀಕ್ಷೆ ಇದೆ, ಪುಕ್ಕಟೆ, ಒಂದೆರಡು ನಿಮಿಷದ ಕೆಲಸ. ಎಚ್ಚರ ಹೇಗಿದೆ, ವಯಸ್ಸು, ಹುಟ್ಟಿದ ದಿನ, ಜಾಗ, ವರ್ಷ ಗೊತ್ತಾ, ತಿಂಗಳುಗಳನ್ನು ಹಿಂದಿನಿಂದ ಹೇಳ್ತಾರಾ, ದಿಢೀರ್ ಬದಲಾವಣೆ ಇದೆಯಾ ಅಂತ ನೋಡುವುದು. ಆದರೆ ಇದನ್ನು ಹಾಗೇ ತಂದು ಇಟ್ಟರೆ ನಡೆಯದು. ಹುಟ್ಟಿದ ದಿನಾಂಕ ಗೊತ್ತಿಲ್ಲದ, ಆಧಾರ್ ಕಾರ್ಡಿನಲ್ಲಿ ಯಾರೋ ಜನವರಿ 1 ಅಂತ ಬರೆಸಿದ ತಾತನಿಗೆ ಆ ಪ್ರಶ್ನೆ ಅನ್ಯಾಯ. ಡಿಸೆಂಬರ್‌ನಿಂದ ಹಿಂದಕ್ಕೆ ಹೇಳಿ ಅನ್ನುವ ಬದಲು ಭಾನುವಾರದಿಂದ ವಾರಗಳನ್ನು ಹಿಂದಕ್ಕೆ ಕೇಳಬಹುದು. ಮುಂದಿನ ದೊಡ್ಡ ಹಬ್ಬ ಯಾವುದು ಅಂತ ಕೇಳಬಹುದು. ಹೀಗೆ ಬದಲಿಸಿದರೆ ಅದು ಸರಿಯಾಗಿ ಅಳೆಯುತ್ತದಾ ಅಂತ ಇಲ್ಲೇ ಪರೀಕ್ಷಿಸಬೇಕು. ಆಪರೇಷನ್‌ಗೆ ಮುಂಚೆ ಒಮ್ಮೆ ಕೇಳಿಟ್ಟುಕೊಂಡಿದ್ದರೆ ಹೋಲಿಸುವುದೂ ಸುಲಭ. ಜೊತೆಗೆ ಐಸಿಯುನಲ್ಲಿ ಹಿರಿಯರ ಹತ್ತಿರ ಮನೆಯವರೊಬ್ಬರು ಗೊತ್ತಾದ ಹೊತ್ತಿಗೆ ಕೂರಲು ಆದೇಶ ಕೊಡಿ. ಎಚ್ಚರವಾದ ತಕ್ಷಣ ಕನ್ನಡಕ, ಕಿವಿ ಮಷಿನ್ ವಾಪಸ್ ಹಾಕಿಸಲಿ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೊಲಿಗೆ ಬಿಚ್ಚುವ ದಿನ ಇರುತ್ತದೆ. ಡೆಲಿರಿಯಂ ಬಂದಿತ್ತು ಎಂಬ ಸಾಲು ಇರುವುದಿಲ್ಲ. ಅದನ್ನು ಕಡ್ಡಾಯ ಮಾಡಿ. ಸರ್ಕಾರ ನಿಮ್ಹಾನ್ಸ್ ಜೊತೆ 2022ರಲ್ಲಿ ಶುರುಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್‌ಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಇವೆ. ಡೆಲಿರಿಯಂ ಬಂದವರು ಮೂರು ತಿಂಗಳ ಮೇಲೆ ಅಲ್ಲಿಗೆ ಹೋಗುವಂತೆ ಚೀಟಿ ಕೊಡಿ.

ರಕ್ತದ ಮಾರ್ಕರ್‌ಗಳ ಸಂಶೋಧನೆ ನಿಲ್ಲಬಾರದು, ನಮ್ಮ ಜನರ ಮೇಲೆ ಇನ್ನೂ ಜಾಸ್ತಿ ನಡೆಯಬೇಕು. ಅದಕ್ಕೆ ಒಂದು ಅಪರೂಪದ ಅವಕಾಶ ನಮ್ಮ ರಾಜ್ಯದಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಹಳ್ಳಿಗರನ್ನು ವರ್ಷಗಳಿಂದ ಹಿಂಬಾಲಿಸುತ್ತಿದೆ. ಅವರ ನೆನಪಿನ ಪರೀಕ್ಷೆ ಮಾಡುತ್ತಾರೆ, ರಕ್ತವನ್ನೂ ತೆಗೆಯುತ್ತಾರೆ. ಆಪರೇಷನ್ ನಂತರದ ಮರೆವಿನ ಅಧ್ಯಯನಗಳಿಗೆಲ್ಲ ಇರುವ ದೊಡ್ಡ ಕೊರತೆ ಒಂದೇ: ಆಪರೇಷನ್‌ಗೆ ಹಲವು ವರ್ಷ ಮೊದಲು ಆ ಮನುಷ್ಯ ಹೇಗಿದ್ದ ಅಂತ ಗೊತ್ತಿರುವುದಿಲ್ಲ. ಇಲ್ಲಿ ಅದು ಗೊತ್ತಿದೆ. ಅವರಲ್ಲಿ ಯಾರಾದರೂ ನಿಮ್ಮ ಯೋಜನೆಯಡಿ ಆಪರೇಷನ್ ಮಾಡಿಸಿಕೊಂಡರೆ, ಅವರು ಒಪ್ಪಿದರೆ, ಆ ದಾಖಲೆಯನ್ನೂ ಈ ದಾಖಲೆಯನ್ನೂ ಜೋಡಿಸಿ. ನ್ಯೂರೋಫಿಲಮೆಂಟ್ ಎಷ್ಟಿದ್ದರೆ ನಮ್ಮವರಿಗೆ ಜಾಸ್ತಿ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಂಥ ಕೆಲಸದಿಂದ, ಲ್ಯಾಬ್ ಪ್ಯಾಕೇಜಿನಿಂದಲ್ಲ.

ಎಲ್ಲವನ್ನೂ ಒಟ್ಟಿಗೆ ಮಾಡಿ ಅನ್ನುವುದಿಲ್ಲ. ಎರಡು ಜಿಲ್ಲೆ ಆರಿಸಿಕೊಳ್ಳಿ. ಸೊಂಟದ ಮೂಳೆ ಮುರಿದು ಬರುವ ಹಿರಿಯರಿಗಷ್ಟೇ ಈ ಕಾಲಂ, ಈ ಚಾರ್ಟ್ ಹಾಕಿ ಒಂದು ವರ್ಷ ನೋಡಿ. ಫಾರ್ಮ್‌ನ ಕರಡು ಒಂದೇ ಪುಟದ್ದು. ನಾವು ಕೆಲವು ಅರಿವಳಿಕೆ ವೈದ್ಯರು ಸೇರಿ ಬರೆದುಕೊಡಲು ತಯಾರಿದ್ದೇವೆ. ಯಾರಿಗೆ ಕೊಡಬೇಕು ಅಂತ ತಿಳಿಸಿ.

ಇಂತಿ,
ಜಿಲ್ಲಾ ಕೇಂದ್ರವೊಂದರ ಅರಿವಳಿಕೆ ವೈದ್ಯೆ